ಹಾಫ್‌ಕಿನ್ ಮಹಾಶಯರೂ ಒಂದು ಸೀಸೆಯ ಅಪವಾದವೂ

ಮನೆಯ ಅಟ್ಟದಿಂದ ಒಂದು ಇಲಿ ಸತ್ತು ಬಿದ್ದಿತೆಂದರೆ ಊರಿಗೆ ಊರೇ ಗಂಟುಮೂಟೆ ಕಟ್ಟಿಕೊಂಡು ಹೊಲಗಳಲ್ಲಿ ಗುಡಿಸಲು ಹಾಕಿಕೊಳ್ಳುತ್ತಿದ್ದ ಕಾಲವೊಂದು ನಮ್ಮ ನಾಡಿನಲ್ಲಿ ಇದ್ದಿತು. ಅದು ಪ್ಲೇಗಿನ ಕಾಲ. 1896ರಲ್ಲಿ ಮುಂಬಯಿಯಲ್ಲಿ ತಲೆದೋರಿದ ಆ ಮಹಾಮಾರಿಯು ಮುಂದಿನ ಎರಡು ಮೂರು ದಶಕಗಳಲ್ಲಿ ಹಿಂದೂಸ್ಥಾನದ 1 ಕೋಟಿಗೂ ಮಿಕ್ಕಿದ ಜನರನ್ನು ಬಲಿ ತೆಗೆದುಕೊಂಡಿತು. 1898ರಲ್ಲಿ ಹುಬ್ಬಳ್ಳಿಯೂ ಬೆಂಗಳೂರೂ ಅದರ ಬಾಯಿಗೆ ಬಿದ್ದವು. ಈ ರೋಗಕ್ಕೆ ಇದಿರಾಗಿ ಮೊತ್ತಮೊದಲು ಪರಿಣಾಮಕಾರಿಯಾದ ಚುಚ್ಚುಮದ್ದನ್ನು ಸಿದ್ಧಪಡಿಸಿದ ಪುರುಷನು ನಮ್ಮ ದೇಶದವನಲ್ಲ; ವೈದ್ಯ ಪದವೀಧರನೂ ಅಲ್ಲ. ಆತನು ರಷ್ಯಾ ದೇಶದಿಂದ ಬಂದ ಯಹೂದಿ ಪ್ರಾಣಿಶಾಸ್ತ್ರಜ್ಞನು. ಆತನ ಹೆಸರನ್ನು ಹೊತ್ತ ಸಂಸ್ಥೆಯು ಮುಂಬಯಿಯ ಪರೇಲಿನಲ್ಲಿ ಇಂದಿಗೂ ಇರುವುದಾದರೂ, ಆತನು ನಮ್ಮ ಜನಕ್ಕೆ ಮಾಡಿದ ಉಪಕಾರವನ್ನೂ ಅದಕ್ಕೆ ಪ್ರತಿಯಾಗಿ ಪಡೆದ ಅಪವಾದವನ್ನೂ ಬಲ್ಲವರು ವಿರಳ.

ವಾಲ್ಡೆಮಾರ್ ಹಾಫ್‌ಕಿನ್ ಅವರು 1860ರ ಮಾರ್ಚ್ 15ರಂದು ಕಪ್ಪು ಸಮುದ್ರದ ತೀರದ ಒಡೆಸ್ಸಾ ನಗರದಲ್ಲಿ ಜನಿಸಿದರು. ಆ ನಗರವು ಆಗ ರಷ್ಯಾದ ಚಕ್ರವರ್ತಿಯ ಆಳಿಕೆಗೆ ಒಳಪಟ್ಟಿದ್ದಿತು. ಅಲ್ಲಿಯ ವಿಶ್ವವಿದ್ಯಾನಿಲಯದಲ್ಲಿ ಮುಂದೆ ಜಗತ್ಪ್ರಸಿದ್ಧರಾದ ಮೆಚ್ನಿಕಾಫ್ ಪಂಡಿತರ ಬಳಿ ಇವರು ಪ್ರಾಣಿಶಾಸ್ತ್ರವನ್ನು ವ್ಯಾಸಂಗ ಮಾಡಿದರು. 1881ರಲ್ಲಿ ಯಹೂದಿಗಳ ಮೇಲೆ ದೊಂಬಿಗಳಾದಾಗ ತಮ್ಮ ಜನರ ರಕ್ಷಣೆಗಾಗಿ ನಿಂತ ತರುಣರ ದಂಡಿನಲ್ಲಿ ಸೇರಿ ಬಂಧನಕ್ಕೂ ಒಳಗಾದರು. ಗುರುಗಳ ಪ್ರಯತ್ನದಿಂದ ಬಿಡುಗಡೆ ದೊರಕಿತು. ವಿದ್ಯೆಯಲ್ಲಿ ಯೋಗ್ಯತೆ ಇದ್ದರೂ, ಸ್ವಮತವನ್ನು ಬಿಡಲೊಪ್ಪದ ಯಹೂದಿಗೆ ಅಲ್ಲಿ ಪ್ರಾಧ್ಯಾಪಕ ಪದವಿಯು ದೊರೆಯುವಂತಿರಲಿಲ್ಲ. ಆದುದರಿಂದ 1888ರಲ್ಲಿ ಸ್ವದೇಶವನ್ನು ತ್ಯಜಿಸಿ ಜಿನೀವಾ ನಗರಕ್ಕೂ, ಮರುವರ್ಷ ಪ್ಯಾರಿಸಿಗೂ ಬಂದರು. ಪ್ಯಾರಿಸಿನ ಪಾಸ್ತರ್ ಸಂಸ್ಥೆಯಲ್ಲಿ ಇವರಿಗೆ ಮೊದಲು ದೊರಕಿದುದು ಪುಸ್ತಕಭಂಡಾರದ ಸಹಾಯಕನ ಕೆಲಸ. ಹಗಲು ಪುಸ್ತಕಗಳನ್ನು ನೋಡಿಕೊಳ್ಳುತ್ತ, ಬಿಡುವಾದಾಗ ಪ್ರಯೋಗಶಾಲೆಯಲ್ಲಿ ದುಡಿಯುತ್ತ ಅವರು ಕಾಲರಾ ರೋಗಾಣುಗಳ ಅಭ್ಯಾಸಕ್ಕೆ ತೊಡಗಿದರು.

ರೋಗಾಣುವಿನ ಉಗ್ರತೆಯನ್ನು ಮೊದಲು ತಗ್ಗಿಸಿ ದೇಹಕ್ಕೆ ಸೇರಿಸುವುದು. ದೇಹವು ಅದಕ್ಕೆ ಹೊಂದಿಕೊಂಡ ಕೆಲವು ದಿನಗಳ ಮೇಲೆ ಉಗ್ರತೆಯನ್ನು ಹೆಚ್ಚಿಸಿದ ರೋಗಾಣುವನ್ನು ಸೇರಿಸುವುದು. ಹೀಗೆ ರೋಗವನ್ನು ತಡೆಯುವ ಶಕ್ತಿಯನ್ನು ದೇಹದಲ್ಲಿಯೇ ಬೆಳೆಸುವುದು ಹಾಫ್‌ಕಿನ್ ಅವರು ಹಿಡಿದ ಕ್ರಮವಾಗಿದ್ದಿತು. ಪ್ರಾಣಿಗಳ ಮೇಲೆ ಪರೀಕ್ಷೆ ಮುಗಿಸಿದ ತರುವಾಯ, 1892ರ ಜುಲೈ 18ರಂದು ಅವರು ಮದ್ದನ್ನು ತಮ್ಮ ಮೈಗೇ ಚುಚ್ಚಿಕೊಂಡರು. ಜ್ವರ ಬಂದಿತು, ಇಳಿಯಿತು, ಅಪಾಯವಾಗಲಿಲ್ಲ. ಪ್ಯಾರಿಸಿನಲ್ಲಿ ರಾಯಭಾರಿಯಾಗಿದ್ದ, ಹಿಂದೆ ಹಿಂದೂಸ್ಥಾನದ ವೈಸರಾಯರಾಗಿದ್ದ ಲಾರ್ಡ್ ಡಫರಿನ್ನರ ಪ್ರೋತ್ಸಾಹದಿಂದ 1893ರ ಮಾರ್ಚಿಯಲ್ಲಿ ಅವರು ಕಲ್ಕತ್ತೆಗೆ ಬಂದಿಳಿದರು.

ಪರಕೀಯ ಸರಕಾರದ ಸೂಜಿಯನ್ನು ಜನರು ನಂಬದಿದ್ದುದು ಸಹಜವೇ ಸರಿ. ಕಲ್ಕತ್ತೆಯ ಬಡವರ ಕೇರಿಯೊಂದರಲ್ಲಿ ಅವರ ಮೇಲೆ ಕಲ್ಲುಗಳು ಬಿದ್ದವು. ಅವರು ಪೋಲೀಸರನ್ನು ಕರೆಯಿಸಲಿಲ್ಲ. ಜನರ ಕಣ್ಣೆದುರಿನಲ್ಲಿಯೇ ಆ ಮದ್ದನ್ನು ತಾವೂ, ತಮ್ಮ ಜತೆಗಿದ್ದ ಬಂಗಾಳಿ ವೈದ್ಯರೂ ಚುಚ್ಚಿಸಿಕೊಂಡು ತೋರಿಸಿದರು. ನೆರೆದವರ ಸಂಶಯವು ಕರಗಿ, ಒಬ್ಬರ ಹಿಂದೆ ಒಬ್ಬರು ತೋಳೊಡ್ಡಿದರು. ಬಲಾತ್ಕಾರದಿಂದ ಈ ಕಾರ್ಯವು ಸಾಗದೆಂಬುದನ್ನು ಹಾಫ್‌ಕಿನ್ ಅವರು ಅಂದೇ ಕಂಡುಕೊಂಡಿದ್ದರು. ಎರಡು ವರ್ಷಗಳ ತಿರುಗಾಟದಲ್ಲಿ 40,000ಕ್ಕೂ ಹೆಚ್ಚು ಮಂದಿಗೆ ಚುಚ್ಚುಮದ್ದು ಹಾಕಿದರು. ಒಂದೇ ಕೇರಿಯಲ್ಲಿ, ಒಂದೇ ನೀರು ಕುಡಿಯುವವರಲ್ಲಿ, ಮದ್ದು ಹಾಕಿಸಿಕೊಂಡವರನ್ನೂ ಹಾಕಿಸಿಕೊಳ್ಳದವರನ್ನೂ ಹೋಲಿಸಿ ಲೆಕ್ಕವಿಡುವ ಪದ್ಧತಿಯನ್ನು ಅವರು ಬಿಡದೆ ಪಾಲಿಸಿದರು. ಮದ್ದಿನ ಗುಣವನ್ನು ನಿರ್ಣಯಿಸಲು ಇಂದಿನ ಶಾಸ್ತ್ರಜ್ಞರು ಅನುಸರಿಸುವ ಮಾರ್ಗಕ್ಕೆ ಇದು ಪೂರ್ವರೂಪವೆನ್ನಬಹುದು. ಕೊನೆಗೆ ಮಲೇರಿಯಾ ತಗುಲಿ, 1895ರಲ್ಲಿ ಯೂರೋಪಿಗೆ ಮರಳಬೇಕಾಯಿತು.

1896ರಲ್ಲಿ ಅವರು ಮತ್ತೆ ಬಂದರು; ಅದೇ ವರ್ಷ ಮುಂಬಯಿಯಲ್ಲಿ ಪ್ಲೇಗು ಹಬ್ಬಿತು. ಸರಕಾರವು ಅವರನ್ನು ಅಲ್ಲಿಗೆ ಕಳುಹಿಸಿತು. ಗ್ರಾಂಟ್ ವೈದ್ಯಕೀಯ ಕಾಲೇಜಿನಲ್ಲಿ ಒಂದು ಕೊಠಡಿ, ಒಂದು ಮೊಗಸಾಲೆ, ಒಬ್ಬ ಗುಮಾಸ್ತ, ಮೂವರು ಆಳುಗಳು. ಇಷ್ಟೇ ಅವರಿಗೆ ದೊರೆತ ಸಲಕರಣೆ. ಪ್ಲೇಗಿನ ರೋಗಾಣುವನ್ನು ಎರಡು ವರ್ಷಗಳ ಹಿಂದೆ, ಎಂದರೆ 1894ರಲ್ಲಿ, ಯೆರ್ಸಿನ್ ಎಂಬ ಪಂಡಿತರು ಹಾಂಗ್‌ಕಾಂಗಿನಲ್ಲಿ ಕಂಡುಹಿಡಿದಿದ್ದರು. ಹಾಫ್‌ಕಿನ್ ಅವರು ಮಾಂಸದ ಸಾರಿನ ಮೇಲೆ ತುಪ್ಪದ ಹನಿಗಳನ್ನು ತೇಲಬಿಟ್ಟು ಅದರಲ್ಲಿ ರೋಗಾಣುಗಳನ್ನು ಬೆಳೆಸಿದರು. ಅವು ತುಪ್ಪದ ಹನಿಗಳಿಂದ ಬಿಳಲುಗಳಂತೆ ಕೆಳಕ್ಕೆ ಇಳಿದು ಹೇರಳವಾಗಿ ಬೆಳೆದವು. ಬಳಿಕ ಅವುಗಳನ್ನು ಕಾಯಿಸಿ ಕೊಂದು, ಕೆಡದಂತೆ ಸ್ವಲ್ಪ ಕಾರ್ಬಾಲಿಕ್ ಆಮ್ಲವನ್ನು ಸೇರಿಸಿದರೆ ಮದ್ದು ಸಿದ್ಧವಾಯಿತು. ಮೂರು ತಿಂಗಳ ಅವಿಶ್ರಾಂತ ದುಡಿಮೆಯ ಫಲವಿದು. 1897ರ ಜನವರಿ 10ರಂದು, ಇತರರಿಗೆ ಕೊಡಬೇಕಾದುದಕ್ಕಿಂತ ಹೆಚ್ಚಿನ ಪ್ರಮಾಣದಲ್ಲಿ, ಅದನ್ನೂ ತಮ್ಮ ಮೈಗೇ ಮೊದಲು ಚುಚ್ಚಿಸಿಕೊಂಡರು. ಅದೇ ತಿಂಗಳಲ್ಲಿ ಬೈಕುಲಾ ಸೆರೆಮನೆಯಲ್ಲಿ ಪ್ಲೇಗು ಕಾಣಿಸಲು, ಸ್ವಂತ ಇಚ್ಛೆಯಿಂದ ಮುಂದೆ ಬಂದ ಕೈದಿಗಳಿಗೆ ಮದ್ದು ಹಾಕಿದರು. ಹಾಕಿಸಿಕೊಳ್ಳದ ಕೈದಿಗಳಿಗಿಂತ ಹಾಕಿಸಿಕೊಂಡವರಲ್ಲಿ ರೋಗವೂ ಮರಣವೂ ಬಹಳ ಕಡಿಮೆಯಾದುವು.

ಇದೇ ಕಾಲಕ್ಕೆ ಪ್ಲೇಗಿನ ನೆಪದಿಂದ ಸೋಲ್ಜರರು ಪುಣೆಯ ಮನೆಮನೆಗೂ ನುಗ್ಗಿ ಹೆಂಗಸರು ಮಕ್ಕಳೆನ್ನದೆ ಶೋಧಿಸುತ್ತಿದ್ದರೆಂಬುದೂ, ಆ ಕ್ರೌರ್ಯದಿಂದ ರೊಚ್ಚಿಗೆದ್ದ ಚಾಫೇಕರ ಬಂಧುಗಳಿಂದ 1897ರ ಜೂನಿನಲ್ಲಿ ಪ್ಲೇಗಿನ ಅಧಿಕಾರಿ ರ್‍ಯಾಂಡನ ಮೇಲೆ ಗುಂಡು ಹಾರಿತೆಂಬುದೂ ವಾಚಕರಿಗೆ ತಿಳಿದ ಸಂಗತಿಗಳೇ. ಒಂದೇ ರೋಗವನ್ನು ಎದುರಿಸಲು ಒಂದು ಕಡೆ ಬೂಟುಗಾಲು, ಮತ್ತೊಂದು ಕಡೆ ತನ್ನ ತೋಳನ್ನೇ ಮೊದಲು ಒಡ್ಡಿದ ವಿಜ್ಞಾನಿ. ಇವೆರಡರಲ್ಲಿ ಜನರು ಯಾವುದಕ್ಕೆ ಒಲಿದರೆಂಬುದನ್ನು ಹೇಳಬೇಕಾಗಿಲ್ಲ. ಖೋಜಾ ಸಮಾಜದ ನಾಯಕರಾದ ಆಗಾಖಾನರು ತಾವೇ ಬಹಿರಂಗವಾಗಿ ಚುಚ್ಚಿಸಿಕೊಂಡು, ತಮ್ಮ ಅನುಯಾಯಿಗಳಲ್ಲಿ ಸಾವಿರಾರು ಜನರಿಗೆ ಮಾದರಿಯಾದರು. ಮದ್ದಿನ ತಯಾರಿಕೆಗಾಗಿ ತಮ್ಮ ಬಂಗಲೆಯೊಂದನ್ನೂ ಬಿಟ್ಟುಕೊಟ್ಟರು. ನಮ್ಮ ಹುಬ್ಬಳ್ಳಿಯಲ್ಲಿ 1898ರಲ್ಲಿ ಸಾವಿರಗಟ್ಟಲೆ ಪೌರರು ಈ ಮದ್ದನ್ನು ಹಾಕಿಸಿಕೊಂಡರು. ಚುಚ್ಚುಮದ್ದಿನ ಫಲಾಫಲವನ್ನು ಅಳೆಯಲು ಅಂದಿನ ಪಂಡಿತರು ಹುಬ್ಬಳ್ಳಿಯ ಲೆಕ್ಕವನ್ನು ಪದೇ ಪದೇ ಎತ್ತಿ ನೋಡಿದರು. 1899ರಲ್ಲಿ ಪ್ರಯೋಗಶಾಲೆಯು ಪರೇಲಿನ ಹಳೆಯ ಗವರ್ನರರ ಮನೆಗೆ ವರ್ಗಾವಣೆಯಾಯಿತು. ಹಾಫ್‌ಕಿನ್ ಅವರೇ ಅದರ ಮುಖ್ಯಾಧಿಕಾರಿಗಳು.

ಕೀರ್ತಿಯು ಶಿಖರಕ್ಕೇರಿದ್ದ ಈ ಹೊತ್ತಿನಲ್ಲಿಯೇ ವಿಧಿಯು ತಿರುಗಿಬಿದ್ದಿತು. 1902ರಲ್ಲಿ ಪ್ಲೇಗು ಪಂಜಾಬವನ್ನು ಮುತ್ತಲು, ಲಕ್ಷಗಟ್ಟಲೆ ಜನರಿಗೆ ಚುಚ್ಚುಮದ್ದು ಹಾಕಿಸಲು ಅಲ್ಲಿಯ ಸರಕಾರವು ಹವಣಿಸಿತು. ಬೇಡಿಕೆಗೆ ತಕ್ಕಂತೆ ಬೇಗ ತಯಾರಿಸುವ ಸಲುವಾಗಿ, ಪಾಸ್ತರ್ ಸಂಸ್ಥೆಯಲ್ಲಿ ರೂಢಿಯಲ್ಲಿದ್ದಂತೆ, ಹಾಫ್‌ಕಿನ್ ಅವರು ಕಾರ್ಬಾಲಿಕ್ ಆಮ್ಲವನ್ನು ಬಿಟ್ಟು ಶಾಖದಿಂದಲೇ ಶುದ್ಧಿಗೊಳಿಸುವ ಕ್ರಮವನ್ನು ಬಳಕೆಗೆ ತಂದಿದ್ದರು. ಅಕ್ಟೋಬರ್ 30ರಂದು, ಈಗ ಪಾಕಿಸ್ತಾನದಲ್ಲಿರುವ ಮಲ್ಕೋವಾಲ್ ಎಂಬ ಹಳ್ಳಿಯಲ್ಲಿ 107 ಜನರಿಗೆ ಚುಚ್ಚುಮದ್ದು ಹಾಕಲಾಯಿತು. ಅವರಲ್ಲಿ 19 ಜನರಿಗೆ ಒಂದೇ ಸೀಸೆಯ ಮದ್ದು ಸಂದಿದ್ದಿತು. ಒಂದು ವಾರ ಕಳೆಯುವಷ್ಟರಲ್ಲಿ ಆ 19 ಜನರಿಗೂ ಧನುರ್ವಾಯು ಬಡಿಯಿತು. 19 ಜನರೂ ತೀರಿಕೊಂಡರು. ಬೇರೆ ಸೀಸೆಗಳ ಮದ್ದು ಪಡೆದವರಲ್ಲಿ ಯಾರಿಗೂ ಆ ರೋಗ ತಟ್ಟಲಿಲ್ಲ.

ರೋಗವಿಲ್ಲದೆ ಬಂದು, ಸರಕಾರದ ಮಾತನ್ನು ನಂಬಿ ತೋಳೊಡ್ಡಿದ 19 ಜನರು ಸತ್ತುದು ಘೋರವಾದ ಸಂಗತಿ. ಅದರ ವಿಚಾರಣೆಯು ಆಗಲೇಬೇಕಾಗಿದ್ದಿತು. ಆದರೆ ಆ ವಿಚಾರಣೆಯು ನಡೆದ ರೀತಿಯೇ ಬೇರೆ. ಸರಕಾರವು ನೇಮಿಸಿದ ಮಂಡಳಿಯು, ಧನುರ್ವಾಯುವಿನ ರೋಗಾಣುವು ಸೀಸೆಯ ಬಿರಡೆ ತೆಗೆಯುವ ಮೊದಲೇ, ಎಂದರೆ ಮುಂಬಯಿಯ ಪ್ರಯೋಗಶಾಲೆಯಲ್ಲಿಯೇ, ಅದರೊಳಗೆ ಸೇರಿತ್ತೆಂದು ತೀರ್ಪಿತ್ತಿತು; ಕಾರ್ಬಾಲಿಕ್ ಆಮ್ಲವನ್ನು ಬಿಟ್ಟುದನ್ನು ದೊಡ್ಡ ತಪ್ಪೆಂದು ಎಣಿಸಿತು. ಹಾಫ್‌ಕಿನ್ ಅವರು ತಮ್ಮ ಸ್ಥಾನವನ್ನು ಕಳೆದುಕೊಂಡು ಇಂಗ್ಲೆಂಡಿಗೆ ಹೊರಟುಹೋದರು. ಮಿಲಿಟರಿ ವೈದ್ಯ ಇಲಾಖೆಯವರಲ್ಲಿ ಅನೇಕರಿಗೆ ವೈದ್ಯನಲ್ಲದ ಈ ಪರದೇಶೀಯನ ಮೇಲೆ ಮೊದಲಿನಿಂದಲೂ ಮನಸ್ಸಿರಲಿಲ್ಲ.

ದಾಖಲೆಗಳು ಬಹಿರಂಗವಾದ ಮೇಲೆ ಮಾತ್ರ ಬೇರೊಂದು ಸಂಗತಿಯು ಲೋಕದ ಕಣ್ಣಿಗೆ ಬಿದ್ದಿತು. ಮಲ್ಕೋವಾಲಿನಲ್ಲಿ ಆ ಸೀಸೆಯ ಬಿರಡೆಯನ್ನು ತೆಗೆಯುವ ಮುನ್ನ ಸಹಾಯಕನ ಕೈಯಲ್ಲಿದ್ದ ಚಿಮುಟವು ಜಾರಿ ನೆಲಕ್ಕೆ ಬಿದ್ದಿದ್ದಿತು. ಅದನ್ನು ಬೆಂಕಿಯಲ್ಲಿ ಕಾಯಿಸಿ ಶುದ್ಧಮಾಡಬೇಕಾಗಿದ್ದಿತು. ಕಾರ್ಬಾಲಿಕ್ ನೀರಿನಲ್ಲಿ ಅದ್ದಿ ತೆಗೆದು, ಅದರಿಂದಲೇ ಬಿರಡೆಯನ್ನು ಎತ್ತಲಾಗಿದ್ದಿತು. ಧನುರ್ವಾಯುವಿನ ರೋಗಾಣುವು ಮಣ್ಣಿನಲ್ಲಿಯೇ ವಾಸಿಸತಕ್ಕದ್ದು. ಅಂತಹ ಅರೆ ಶುದ್ಧಿಗೆ ಅದು ಸಾಯುವುದಿಲ್ಲ. ಅದು ಮುಂಬಯಿಯಲ್ಲಿಯೇ ಸೇರಿ ವಾರಗಟ್ಟಲೆ ಸೀಸೆಯಲ್ಲಿ ಬೆಳೆದಿದ್ದರೆ ಮದ್ದು ದುರ್ನಾತ ಹೊಡೆಯಬೇಕಾಗಿದ್ದಿತು. ಆ ದಿನ ಅದನ್ನು ಮೂಸಿ ನೋಡಿದ ವೈದ್ಯನಿಗೆ ಯಾವ ವಾಸನೆಯೂ ಕಂಡಿರಲಿಲ್ಲ. ಬೆಳೆದು ಸಂಚಿತವಾದ ವಿಷವು ಒಳಸೇರಿದ್ದರೆ ರೋಗವು ಅಷ್ಟು ದಿನ ತಡೆಯದೆ ಬೇಗನೆ ಕಾಣಿಸಿಕೊಳ್ಳಬೇಕಾಗಿದ್ದಿತು. ಈ ಪ್ರಮಾಣಗಳೆಲ್ಲ ಮಂಡಳಿಯ ಕಡತಗಳಲ್ಲಿಯೇ ಅಡಗಿದ್ದವು.

ಅನ್ಯಾಯವನ್ನು ಕಂಡು ಸುಮ್ಮನಿರದೆ ಎದ್ದುನಿಂತವರಲ್ಲಿ ಮುಖ್ಯರು ರೊನಾಲ್ಡ್ ರಾಸ್ ಅವರು. ಸೊಳ್ಳೆಯ ದೇಹದಲ್ಲಿ ಮಲೇರಿಯಾದ ಜೀವಾಣುವನ್ನು 1897ರಲ್ಲಿ ಸಿಕಂದರಾಬಾದಿನಲ್ಲಿ ಕಂಡುಹಿಡಿದು ನೊಬೆಲ್ ಬಹುಮಾನವನ್ನು ಪಡೆದಿದ್ದ ಇವರು, 1907ರಲ್ಲಿ ಲಂಡನ್ನಿನ ಟೈಮ್ಸ್ ಪತ್ರಿಕೆಯಲ್ಲಿ ಹಾಫ್‌ಕಿನ್ ಅವರ ಪರವಾಗಿ ಬಲವಾಗಿ ವಾದಿಸಿದರು. ಜುಲೈ 29ರಂದು ಪ್ರಖ್ಯಾತ ರೋಗಾಣುಶಾಸ್ತ್ರಜ್ಞರು ಅನೇಕರು ರುಜು ಹಾಕಿದ ಪತ್ರವೊಂದು ಅದೇ ಪತ್ರಿಕೆಯಲ್ಲಿ ಪ್ರಕಟವಾಯಿತು. ಪಾರ್ಲಿಮೆಂಟಿನಲ್ಲಿಯೂ ಪ್ರಶ್ನೆಗಳು ಎದ್ದವು. ಕೊನೆಗೆ ಆ ವರ್ಷದ ಕಡೆಯಲ್ಲಿ ಸರಕಾರವು ಅಪವಾದವನ್ನು ಹಿಂದಕ್ಕೆ ತೆಗೆದುಕೊಂಡು ಅವರಿಗೆ ಮತ್ತೆ ಉದ್ಯೋಗವನ್ನು ಕೊಟ್ಟಿತು. ಆದರೆ ಪರೇಲಿನ ಅಧಿಕಾರವು ಮರಳಲಿಲ್ಲ. ಕಲ್ಕತ್ತೆಯಲ್ಲಿ ಅವರಿಗೆ ಪ್ರಯೋಗಶಾಲೆ ದೊರಕಿತೇ ಹೊರತು ಹೊಸ ಮದ್ದುಗಳನ್ನು ಜನರಲ್ಲಿ ಪರೀಕ್ಷಿಸುವ ಸ್ವಾತಂತ್ರ್ಯವು ದೊರಕಲಿಲ್ಲ. 55 ವರ್ಷ ವಯಸ್ಸು ತುಂಬುತ್ತಲೇ ನಿವೃತ್ತರಾಗಿ ಫ್ರಾನ್ಸಿಗೆ ತೆರಳಿದರು. ಉಳಿದ ಆಯುಷ್ಯವನ್ನು ಸ್ವಮತದ ಆಚರಣೆಯಲ್ಲಿಯೂ ಸ್ವಜನರ ಸೇವೆಯಲ್ಲಿಯೂ ಕಳೆದು, ಗಳಿಸಿದ ಹಣವನ್ನು ಯಹೂದಿ ವಿದ್ಯಾಪೀಠಗಳಿಗೆ ಮುಡಿಪಾಗಿಟ್ಟು, 1930ರ ಅಕ್ಟೋಬರ್ 26ರಂದು ಸ್ವಿಟ್ಜರ್ಲೆಂಡಿನ ಲೊಸಾನ್ ನಗರದಲ್ಲಿ ದೇಹವಿಟ್ಟರು. ಪರೇಲಿನ ಪ್ರಯೋಗಶಾಲೆಗೆ 1925ರಲ್ಲಿ ಅವರ ಹೆಸರನ್ನು ಇಟ್ಟುದು, ಅವರು ಬದುಕಿರುವಾಗಲೇ ಆದ ಅಲ್ಪ ಪ್ರಾಯಶ್ಚಿತ್ತ. ಸ್ವತಂತ್ರ ಭಾರತವು 1964ರಲ್ಲಿ ಅವರ ಚಿತ್ರದ ಅಂಚೆಚೀಟಿಯನ್ನು ಹೊರತಂದಿತು.

ಈ ಅಪವಾದದಿಂದ ನಷ್ಟವಾದುದು ಹಾಫ್‌ಕಿನ್ ಒಬ್ಬರಿಗೇ ಅಲ್ಲ. ಮಲ್ಕೋವಾಲಿನ ಸುದ್ದಿಯು ಹಬ್ಬುತ್ತಲೇ ಪಂಜಾಬದ ಜನರು ಸೂಜಿಗೆ ಬೆನ್ನು ತಿರುಗಿಸಿದರು. ಅಲ್ಲಿ ಪ್ಲೇಗಿನ ಅತ್ಯಂತ ಭಯಂಕರವಾದ ವರ್ಷಗಳು ಬಂದುದು ಅದರ ಬಳಿಕವೇ. ತಪ್ಪು ಎಲ್ಲಿ ನಡೆಯಿತೆಂಬುದನ್ನು ಕೂಡಲೇ ಕಂಡುಹಿಡಿದು, ಮದ್ದು ಶುದ್ಧವಾದುದೆಂದೂ ಕೈ ಅಶುದ್ಧವಾದುದೆಂದೂ ಜನರ ಮುಂದೆ ಇಟ್ಟಿದ್ದರೆ, ಕಳೆದುಹೋದ ನಂಬಿಕೆಯಲ್ಲಿ ಸ್ವಲ್ಪವಾದರೂ ಮರಳುತ್ತಿದ್ದಿತು. ಕಡತದಲ್ಲಿ ಬಿದ್ದಿದ್ದ ಸತ್ಯವು ಹೊರಬರಲು ಐದು ವರ್ಷ ಹಿಡಿಯಿತು. ಮಾರಿಯು ಐದು ವರ್ಷ ಕಾಯುವುದಿಲ್ಲ.

ಇಂದು ಪ್ಲೇಗಿನ ವಿಷಯದಲ್ಲಿ ನಮ್ಮ ಜ್ಞಾನವು ಬಹಳ ಮುಂದುವರಿದಿದೆ. ಇಲಿಯ ಮೈಮೇಲಿನ ಚಿಗಟದಿಂದ ಅದು ಮನುಷ್ಯನಿಗೆ ಬರುವುದೆಂಬುದನ್ನು 1898ರಲ್ಲಿಯೇ ಸಿಮಾಂಡ್ ಎಂಬ ಫ್ರೆಂಚ್ ವೈದ್ಯರು ತೋರಿಸಿದರು. ಸ್ಟ್ರೆಪ್ಟೋಮೈಸಿನ್ ಮೊದಲಾದ ಔಷಧಗಳು ಬಂದ ಮೇಲೆ, ಬೇಗ ಗುರುತಿಸಿದ ಪ್ಲೇಗು ಗುಣವಾಗುವ ರೋಗವಾಗಿದೆ. ಹಾಫ್‌ಕಿನ್ ಅವರ ಮದ್ದಿನ ಬಳಕೆಯು ಬಹುಮಟ್ಟಿಗೆ ನಿಂತುಹೋಗಿದೆ. ಆದರೆ ರೋಗವು ನಿರ್ಮೂಲವಾಗಿಲ್ಲ. 1994ರಲ್ಲಿ ಸೂರತ್ತಿನಿಂದ ಜನರು ಲಕ್ಷಗಟ್ಟಲೆಯಾಗಿ ಓಡಿಹೋದುದು ಅನೇಕರ ನೆನಪಿನಲ್ಲಿದೆ. 2002ರಲ್ಲಿ ಹಿಮಾಚಲದಲ್ಲಿಯೂ 2004ರಲ್ಲಿ ಉತ್ತರಕಾಶಿಯ ಕಡೆಯಲ್ಲಿಯೂ ಅದು ತಲೆಯೆತ್ತಿತ್ತು. ಇಲಿಗಳು ಸಾಯುವ ಎಡೆಯಲ್ಲಿ ಒಮ್ಮೆಲೇ ಜ್ವರ ಬಂದು ತೊಡೆಯ ಸಂದಿಯಲ್ಲಿಯೋ ಕಂಕುಳಲ್ಲಿಯೋ ನೋಯುವ ಗಡ್ಡೆ ಎದ್ದರೆ, ಅಥವಾ ಜ್ವರದೊಡನೆ ಕೆಮ್ಮಿ ರಕ್ತ ಉಗುಳಿದರೆ, ಒಂದು ದಿನವನ್ನೂ ಕಳೆಯದೆ ಆಸ್ಪತ್ರೆಯನ್ನು ಸೇರಬೇಕು.

ಚುಚ್ಚುಮದ್ದಿನ ಕಾರ್ಯವು ಅಂದಿನಂತೆ ಇಂದೂ ನಂಬಿಕೆಯ ಮೇಲೆಯೇ ನಿಂತಿದೆ. ಪ್ರಯೋಗಶಾಲೆಯ ಪಂಡಿತನಿಂದ ಮೊದಲುಗೊಂಡು ಹಳ್ಳಿಯಲ್ಲಿ ಬಿರಡೆ ತೆಗೆಯುವ ಸಹಾಯಕನವರೆಗೆ ಪ್ರತಿಯೊಬ್ಬನ ಕೈಯೂ ಶುದ್ಧವಾಗಿರಬೇಕು. ಆಕಸ್ಮಾತ್ ಅನಾಹುತವಾದರೆ ಅಧಿಕಾರಿಗಳು ಕಡತವನ್ನು ಮುಚ್ಚದೆ ತೆರೆಯಬೇಕು. ದೂಷಿತನ ಮಾತನ್ನು ಕೇಳಿದ ಮೇಲೆಯೇ ತೀರ್ಪು ಕೊಡಬೇಕು. ಮಲ್ಕೋವಾಲಿನಲ್ಲಿ ಮಡಿದ 19 ಜನರಿಗೂ, ಅವರ ಸಾವಿನ ಹೊರೆಯನ್ನು ತನ್ನದಲ್ಲದಿದ್ದರೂ ಐದು ವರ್ಷ ಹೊತ್ತ ಆ ಪರದೇಶೀಯ ವಿಜ್ಞಾನಿಗೂ ನಾವು ಸಲ್ಲಿಸಬಹುದಾದ ಗೌರವವು ಇದೇ ಆಗಿದೆ.