ಪಂಡಿತಾ ರಮಾಬಾಯಿಯವರ ಮನೆತನದ ವಿದ್ಯೆ

ಪಂಡಿತಾ ರಮಾಬಾಯಿಯವರು ಸಹ್ಯಾದ್ರಿಯ ಗಂಗಾಮೂಲದ ಅರಣ್ಯದಲ್ಲಿ 1858ರಲ್ಲಿ ಜನಿಸಿದರು. ಅವರಿಗೆ ಗುರುವಾದವರು ತಾಯಿ ಲಕ್ಷ್ಮೀಬಾಯಿಯವರೇ. ಹೆಣ್ಣಿಗೆ ಗೀರ್ವಾಣವಾಣಿ ಸಲ್ಲದೆಂದು ಬಗೆದಿದ್ದ ಕಾಲದಲ್ಲಿ ತಂದೆ ಅನಂತಶಾಸ್ತ್ರಿ ಡೋಂಗರೆಯವರು ತಮ್ಮ ಬಾಲಪತ್ನಿಗೆ ಸಂಸ್ಕೃತವನ್ನು ಕಲಿಸಿ, ಸ್ವಜನರ ಆಕ್ಷೇಪಣೆಗೆ ಗುರಿಯಾಗಿದ್ದರು. ಆದರೂ ಶಿಷ್ಯರಿಗೂ ಅತಿಥಿಗಳಿಗೂ ಅನ್ನವಿಕ್ಕುವ ಹೊಣೆ ಆ ವಿದುಷಿಯದೇ ಆಗಿದ್ದಿತು! ಹಗಲೆಲ್ಲ ಬಿಡುವಿಲ್ಲದ ಆಕೆ ನಸುಕಿನಲ್ಲಿಯೇ ಮಗಳನ್ನೆಬ್ಬಿಸಿ ಪಾಠ ಹೇಳುತ್ತಿದ್ದರು. ಪಾಂಡಿತ್ಯವು ಪತಿಯ ಅನುಗ್ರಹದಿಂದ ಒದಗಿತ್ತು. ಅದನ್ನು ಮೆರೆಯಲು ಸಭೆ ಮಾತ್ರ ಒದಗಲಿಲ್ಲ.

ಆ ಸಭೆ ಮಗಳಿಗೆ ದೊರೆಯಿತು. ಕ್ಷಾಮದಲ್ಲಿ ತಂದೆತಾಯಿಗಳನ್ನು ಕಳೆದುಕೊಂಡ ರಮಾಬಾಯಿಯವರು ಅಣ್ಣನೊಡನೆ ಕಾಲ್ನಡೆಯಿಂದ ದೇಶ ಸಂಚರಿಸಿ 1878ರಲ್ಲಿ ಕಲಕತ್ತೆಯನ್ನು ಸೇರಿದರು. ಅಲ್ಲಿಯ ವಿದ್ವಾಂಸರು ಅವರನ್ನು ಪರೀಕ್ಷಿಸಿ ಪಂಡಿತಾ, ಸರಸ್ವತೀ ಎಂಬ ಬಿರುದುಗಳನ್ನಿತ್ತರು. 1880ರಲ್ಲಿ ಜಾತಿಯ ಎಲ್ಲೆ ಮೀರಿ ವಂಗದೇಶದ ವಕೀಲ ಬಿಪಿನ್ ಬಿಹಾರಿಯವರನ್ನು ವರಿಸಿದರು. ಎರಡು ವರ್ಷ ತುಂಬುವಷ್ಟರಲ್ಲಿ ವೈಧವ್ಯ ಬಂದೊದಗಿತು. ಮಡಿಲಲ್ಲಿ ಹಸುಳೆ ಮನೋರಮೆ.

1883ರಲ್ಲಿ ಆಂಗ್ಲದೇಶದಲ್ಲಿ ಅವರು ಕ್ರೈಸ್ತಮತವನ್ನು ಸ್ವೀಕರಿಸಿದ್ದು ಅನೇಕರಿಗೆ ನೋವುಂಟುಮಾಡಿತು. ಅವರ ವಿದ್ಯಾದಾನದ ಹಿರಿಮೆ ಅದರಿಂದ ಕುಂದತಕ್ಕದ್ದಲ್ಲ. 1889ರಲ್ಲಿ ಮುಂಬಯಿಯಲ್ಲಿ ವಿಧವೆಯರಿಗಾಗಿ ಶಾರದಾ ಸದನವನ್ನು ತೆರೆದರು; ಕ್ಷಾಮಪೀಡಿತ ಅನಾಥೆಯರಿಗೆ ಕೇಡಗಾಂವಿನಲ್ಲಿ ಆಶ್ರಯವಿತ್ತರು. ಅಜ್ಜಿ ನಸುಕಿನಲ್ಲಿ ಬಿಡುವು ಮಾಡಿಕೊಂಡು ಕಲಿಸಿದ್ದರೆ, ಮನೋರಮಾಬಾಯಿ ಮುಂಬಯಿ ವಿಶ್ವವಿದ್ಯಾಲಯದ ಪದವೀಧರೆಯಾಗಿ ಸದನದ ಮುಖ್ಯೋಪಾಧ್ಯಾಯಿನಿಯಾದರು. ನಮ್ಮ ಕಲಬುರ್ಗಿಯಲ್ಲಿಯೂ ಶಾಲೆಯೊಂದನ್ನು ನಡೆಸಿದರು. ಸಂಸ್ಥೆಯ ಹೊಣೆಯನ್ನೆಲ್ಲ ಹೊರಬೇಕಾಗಿದ್ದ ಆ ಮಗಳು 1921ರಲ್ಲಿ ತಾಯಿಗಿಂತ ಮೊದಲೇ ತೀರಿಕೊಂಡರು. ರಮಾಬಾಯಿಯವರು 1922ರ ಏಪ್ರಿಲ್ 5ರಂದು ಕಾಲವಾದರು.