ನಿಜಶೂನ್ಯವನ್ನರಸಿದ ಲಾರ್ಡ್ ಕೆಲ್ವಿನ್

ಭೀಮಾತೀರದ ನಮ್ಮ ದೇವಣಗಾಂವದಲ್ಲಿ ಮಾಗಿಯ ಒಂದು ಮುಂಜಾವಿನ ಉಷ್ಣತೆ 20 ಡಿಗ್ರಿ, ವೈಶಾಖದ ನಡುಹಗಲಿನದು 40 ಡಿಗ್ರಿ ಎಂದಿಟ್ಟುಕೊಳ್ಳೋಣ. ಉಷ್ಣತೆ ಇಮ್ಮಡಿಯಾಯಿತೆಂದು ಸಹಜವಾಗಿಯೇ ನುಡಿಯುತ್ತೇವೆ. ಅವನ್ನೇ ಫ್ಯಾರನ್‌ಹೀಟ್ ಮಾಪಕದಲ್ಲಿ ನೋಡಿದರೆ 68 ಮತ್ತು 104. ಒಂದೂವರೆ ಪಟ್ಟು ಮಾತ್ರ! ವಸ್ತುವೊಂದೇ ಆಗಿರಲು ಅದರ ಪಟ್ಟು ಮಾಪಕಕ್ಕೊಂದು ಬಗೆಯಾಗುವುದೆಂತು? ಈ ತೊಡಕನ್ನು ಬಿಡಿಸುವ ಮಾಪಕವನ್ನು ಲೋಕಕ್ಕಿತ್ತವರು ವಿಲಿಯಂ ಥಾಮ್ಸನ್, ಅರ್ಥಾತ್ ಲಾರ್ಡ್ ಕೆಲ್ವಿನ್.

1824ರ ಜೂನ್ 26ರಂದು ಬೆಲ್‌ಫಾಸ್ಟ್ ನಗರದಲ್ಲಿ ಜನಿಸಿದ ಥಾಮ್ಸನ್ನರು ಎಳವೆಯಲ್ಲಿಯೇ ತಾಯಿಯನ್ನು ಕಳೆದುಕೊಂಡರು. ಗಣಿತದ ಪ್ರಾಧ್ಯಾಪಕರಾಗಿದ್ದ ತಂದೆಯೇ ಮೊದಲ ಗುರುಗಳು. ಹತ್ತನೆಯ ವಯಸ್ಸಿಗೆ ಗ್ಲಾಸ್ಗೋ ವಿಶ್ವವಿದ್ಯಾಲಯದ ಪ್ರವೇಶ, ಅನಂತರ ಕೇಂಬ್ರಿಜ್. 1846ರಲ್ಲಿ, 22ನೆಯ ವಯಸ್ಸಿಗೇ, ಗ್ಲಾಸ್ಗೋದಲ್ಲಿ ಪ್ರಾಧ್ಯಾಪಕ ಪೀಠ. ಆ ಪೀಠವನ್ನು ಅವರು 53 ವರ್ಷ ಅಲಂಕರಿಸಿದರೆಂಬುದನ್ನು ಅಧ್ಯಾಪಕ ಬಂಧುಗಳು ಗಮನಿಸಬೇಕು.

ಸೆಲ್ಸಿಯಸ್ ಮಾಪಕದ ಶೂನ್ಯವು ನೀರು ಹೆಪ್ಪುಗಟ್ಟುವ ಬಿಂದು. ಮನುಷ್ಯನು ತನ್ನ ಅನುಕೂಲಕ್ಕೆ ನೆಟ್ಟುಕೊಂಡ ಗುರುತುಗಲ್ಲು. 40 ಸೇರು ಜೋಳವು 20 ಸೇರಿನ ಇಮ್ಮಡಿ, ಕಿಲೋದಲ್ಲಿ ತೂಗಿದರೂ ಇಮ್ಮಡಿಯೇ. ಬರಿದಾದ ಚೀಲವೇ ಅಲ್ಲಿಯ ಶೂನ್ಯ. ಶಕವರ್ಷಗಳ ಮಾತು ಹಾಗಲ್ಲ. ಬಾದಾಮಿಯ ಗುಹಾಶಾಸನದ ಕಾಲ ಶಕ 500. ಶಕ 1000 ಅದರ ಇಮ್ಮಡಿಯೆಂದರೆ, ಅವೇ ಕ್ರಿ.ಶ. 578 ಮತ್ತು 1078 ಆದಾಗ ಆ ಇಮ್ಮಡಿ ಉಳಿಯದು. 500 ವರ್ಷಗಳ ಅಂತರವೊಂದೇ ಉಳಿಯುವುದು. ಡಿಗ್ರಿಗಳನ್ನೂ ಹಾಗೆಯೇ ಕಳೆದು ಅಂತರವನ್ನರಿಯಬಹುದಲ್ಲದೆ ಭಾಗಿಸಿ ಪಟ್ಟನ್ನರಿಯಲಾಗದು.

ಹಾಗಾದರೆ ಉಷ್ಣತೆಯ ಬರಿದಾದ ಚೀಲವೆಲ್ಲಿ? ವಾಯುವು ತಣಿಯುವಾಗ ಡಿಗ್ರಿಯೊಂದಕ್ಕೆ, ಸೊನ್ನೆ ಡಿಗ್ರಿಯಲ್ಲಿದ್ದ ತನ್ನ ಗಾತ್ರದ ಸುಮಾರು 273ರಲ್ಲೊಂದು ಪಾಲು ಕುಗ್ಗುವುದೆಂದು ಆಗಲೇ ತಿಳಿದಿತ್ತು. ಆ ಲೆಕ್ಕದಂತೆ ಸೊನ್ನೆಗಿಂತ 273 ಡಿಗ್ರಿ ಕೆಳಗೆ ಕುಗ್ಗಲು ಏನೂ ಉಳಿಯದು. 1848ರಲ್ಲಿ ಥಾಮ್ಸನ್ನರು ಫ್ರಾನ್ಸಿನ ಕಾರ್ನೋ ಅವರ ಉಷ್ಣಯಂತ್ರ ಸಿದ್ಧಾಂತವನ್ನಾಧರಿಸಿ, ಪಾದರಸವೇ ಮೊದಲಾದ ಯಾವ ದ್ರವ್ಯದ ಗುಣವನ್ನೂ ಅವಲಂಬಿಸದ ಮಾಪಕವೊಂದನ್ನು ಸೂಚಿಸಿದರು; 1854ರಲ್ಲಿ ಜೂಲ್ ಅವರೊಡಗೂಡಿ ಅದನ್ನು ತಿದ್ದಿ ನಿಲ್ಲಿಸಿದರು. ಅದರಂತೆ ನಮ್ಮೂರ ಆ ಎರಡು ಉಷ್ಣತೆಗಳು 293 ಮತ್ತು 313. ಹೆಚ್ಚಳ ನೂರಕ್ಕೆ ಏಳರಷ್ಟೇ. ವೈಶಾಖದಲ್ಲಿ ಬೆವರಿದವರಿಗೆ ಇದು ರುಚಿಸಲಿಕ್ಕಿಲ್ಲ! ಆದರೆ ಬಿಗಿದು ಮುಚ್ಚಿದ ಉಕ್ಕಿನ ಪಾತ್ರೆಯೊಳಗಿನ ಗಾಳಿಯ ಒತ್ತಡವು ಏರುವುದೂ ಈ ಏಳರಷ್ಟೇ, ಇಮ್ಮಡಿಯಲ್ಲ.

ಅಟ್ಲಾಂಟಿಕ್ ಸಾಗರದಡಿಯ ತಂತಿಯ ಕಾರ್ಯಕ್ಕಾಗಿ 1866ರಲ್ಲಿ ಅವರಿಗೆ ಸರ್ ಪದವಿ ಬಂದಿತು. ಭೂಮಿಯ ವಯಸ್ಸು ಎರಡರಿಂದ ನಾಲ್ಕು ಕೋಟಿ ವರ್ಷವೆಂಬ ಅವರ ಗಣನೆ ಮಾತ್ರ ಮುಂದೆ ನಿಲ್ಲಲಿಲ್ಲ. 1892ರಲ್ಲಿ ಲಾರ್ಡ್ ಪದವಿ ದೊರೆತಾಗ ವಿಶ್ವವಿದ್ಯಾಲಯದ ಬಳಿ ಹರಿಯುವ ಕೆಲ್ವಿನ್ ನದಿಯ ಹೆಸರನ್ನೇ ಧರಿಸಿದರು. ನಮ್ಮ ಭೀಮೆಯ ಮುಂದೆ ಅದೊಂದು ಹಳ್ಳವೇ ಸರಿ. 1907ರ ಡಿಸೆಂಬರ್ 17ರಂದು ನಿಧನರಾದ ಅವರನ್ನು ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಅಬ್ಬೆಯಲ್ಲಿ ನ್ಯೂಟನ್ನರ ಸಮಾಧಿಯ ಬಳಿ ಮಣ್ಣುಮಾಡಲಾಯಿತು. 1967ರಿಂದ ಅವರ ಹೆಸರಿನ ಮಾನಕ್ಕೆ ಡಿಗ್ರಿ ಎಂಬ ಮಾತನ್ನು ಕೂಡಿಸದೆ ಬರಿದೆ ಕೆಲ್ವಿನ್ ಎಂದೇ ಬರೆಯುತ್ತಾರೆ.