ಶಾರ್ಲ್ ಮೆಸಿಯೆ: ಆಕಾಶದ ಪಟ್ಟಿ ಬರೆದ ಗುಮಾಸ್ತ

ಕಾರ್ತಿಕ ಮಾಸಕ್ಕೆ ಆ ಹೆಸರನ್ನಿತ್ತ ಕೃತ್ತಿಕೆಯ ಗುಂಪು ರಾಜ್ಯೋತ್ಸವದ ಈ ದಿನಗಳಲ್ಲಿ ರಾತ್ರಿಯ ಊಟದ ಹೊತ್ತಿಗೆ ಪೂರ್ವದಿಕ್ಕಿನಲ್ಲಿ ಮೇಲೇರಿರುತ್ತದೆ. ಊರಿನ ಅಂಗಳದಲ್ಲಿ ಮಲಗಿ, ಅಜ್ಜಿ ಬೆರಳು ತೋರಿದತ್ತ ನೋಡಿ ಅದನ್ನು ಗುರುತಿಸಿದವರು ನಮ್ಮಲ್ಲಿ ಅನೇಕರು. ನಗರದ ದೀಪಗಳ ನಡುವೆ ಹುಟ್ಟಿದ ನಮ್ಮ ಮಕ್ಕಳಿಗೆ ಆ ಭಾಗ್ಯವಿಲ್ಲವೆಂದು ಕೊರಗಿದ್ದೂ ಉಂಟು. ಈಗ ಆ ಕೊರಗು ಕೊಂಚ ನೀಗಿದೆ. ಕ್ಯಾಮೆರಾ ಅಳವಡಿಸಿದ, ಕೈಚೀಲದಲ್ಲಿ ಹಿಡಿಸುವಂಥ ದೂರದರ್ಶಕಗಳು ಬಂದಿವೆ. ಮಹಡಿಯ ಮೇಲಿಟ್ಟರೆ ಸಾಕು; ಕೆಲವೇ ಸೆಕೆಂಡುಗಳ ಚಿತ್ರಗಳನ್ನು ತೆಗೆದು ಒಂದರ ಮೇಲೊಂದು ಕೂಡಿಸುತ್ತ, ಕಣ್ಣಿಗೆ ನಿಲುಕದ ನೀಹಾರಿಕೆಯನ್ನು ಮೊಬೈಲಿನ ಪರದೆಯ ಮೇಲೆ ನಾವು ನೋಡುತ್ತಿದ್ದಂತೆಯೇ ಮೂಡಿಸುತ್ತವೆ. ಹೀಗೆ ಕಾಣುವ ಪ್ರಸಿದ್ಧ ವಸ್ತುಗಳ ಹೆಸರಿನಲ್ಲಿ ‘ಎಂ’ ಎಂಬ ಅಕ್ಷರವೂ ಒಂದು ಸಂಖ್ಯೆಯೂ ಇರುತ್ತವೆ. ನಮ್ಮ ಕೃತ್ತಿಕೆ ಅಲ್ಲಿ ಎಂ ೪೫. ಆ ಅಕ್ಷರ ಯಾರದೆಂದು ಮಕ್ಕಳು ಕೇಳಿದರೆ ನಾವು ಹೇಳಬೇಕಾದ ಕಥೆ ಇದು.

ಶಾರ್ಲ್ ಮೆಸಿಯೆ ಹುಟ್ಟಿದ್ದು ೧೭೩೦ರ ಜೂನ್ ೨೬ರಂದು, ಲೊರೇನ್ ಪ್ರಾಂತದ ಬಾದೊಂವಿಲೆ ಎಂಬ ಸಣ್ಣ ಊರಿನಲ್ಲಿ. ಹನ್ನೆರಡು ಮಕ್ಕಳಲ್ಲಿ ಹತ್ತನೆಯವನು. ಹನ್ನೊಂದರ ಪ್ರಾಯದಲ್ಲಿ ತಂದೆ ತೀರಿಕೊಂಡರು. ಅಣ್ಣನ ಆಶ್ರಯದಲ್ಲಿ ಕಚೇರಿಯ ಬರವಣಿಗೆ ಕಲಿತ. ೧೭೪೪ರಲ್ಲಿ ಹಲವು ಬಾಲಗಳ ಮಹಾಧೂಮಕೇತು, ೧೭೪೮ರಲ್ಲಿ ಸೂರ್ಯಗ್ರಹಣ; ಇವೆರಡೂ ಹುಡುಗನ ಮನಸ್ಸನ್ನು ಆಕಾಶದ ಕಡೆಗೆ ಎಳೆದವು.

೧೭೫೧ರ ಅಕ್ಟೋಬರಿನಲ್ಲಿ ಪ್ಯಾರಿಸಿಗೆ ಬಂದಾಗ ಆತನಿಗೆ ಇಪ್ಪತ್ತೊಂದು ವರ್ಷ. ನೌಕಾಪಡೆಯ ಖಗೋಳಜ್ಞ ದೆಲಿಲ್ ಆತನನ್ನು ಕೆಲಸಕ್ಕಿಟ್ಟುಕೊಂಡದ್ದು ಮುಖ್ಯವಾಗಿ ಅಕ್ಷರ ದುಂಡಾಗಿದ್ದುದಕ್ಕೆ. ಚೀನಾ ದೇಶದ ನಕಾಶೆಯೊಂದನ್ನು ಪ್ರತಿಮಾಡುವುದೇ ಮೊದಲ ಕೆಲಸ. ದುಂಡಗಿನ ಅಕ್ಷರವನ್ನೋ ಟೈಪಿಂಗ್ ಪರೀಕ್ಷೆಯ ಸರ್ಟಿಫಿಕೇಟನ್ನೋ ನಂಬಿ ರೈಲು ಹತ್ತಿ ಬಂದ ನಮ್ಮ ಹಿರಿಯರಿಗೆ ಇದು ಹೊಸ ಕಥೆಯೇನೂ ಅಲ್ಲವಷ್ಟೆ!

ಹ್ಯಾಲಿ ಮುಂಚೆಯೇ ಹೇಳಿಟ್ಟಿದ್ದ ಧೂಮಕೇತು ಮರಳುವ ಕಾಲ ಬಂದಿತ್ತು. ಕ್ಲ್ಯೂನಿ ಭವನದ ಗೋಪುರದಿಂದ ಮೆಸಿಯೆ ತಿಂಗಳುಗಟ್ಟಲೆ ಅದನ್ನು ಅರಸಿದ. ಯಜಮಾನ ಬರೆದುಕೊಟ್ಟ ದಾರಿಯೇ ತಪ್ಪಾಗಿತ್ತು. ಕೊನೆಗೆ ೧೭೫೯ರ ಜನವರಿ ೨೧ರಂದು ಕಂಡಿತು. ಆದರೆ ಅದನ್ನು ಯಾರಿಗೂ ಹೇಳಕೂಡದೆಂದು ದೆಲಿಲ್ ಅಪ್ಪಣೆ ಮಾಡಿದ. ಜರ್ಮನಿಯ ಪಾಲಿಟ್ಸ್ ಎಂಬ ರೈತನೊಬ್ಬ ಡಿಸೆಂಬರಿನಲ್ಲಿಯೇ ಅದನ್ನು ಕಂಡಿದ್ದನೆಂಬ ಸುದ್ದಿ ಏಪ್ರಿಲಿನಲ್ಲಿ ಪ್ಯಾರಿಸಿಗೆ ಮುಟ್ಟಿದ ಮೇಲೆಯೇ ಮೆಸಿಯೆಯ ಬಾಯಿಕಟ್ಟು ಬಿಚ್ಚಿತು. ಆಗ ಕೆಲವರು ಆತನ ಮಾತನ್ನು ನಂಬಲೂ ಇಲ್ಲ.

ಇದಕ್ಕೂ ಮುಂಚೆ, ೧೭೫೮ರ ಆಗಸ್ಟಿನಲ್ಲಿ, ಬೇರೊಂದು ಧೂಮಕೇತುವನ್ನು ಹಿಂಬಾಲಿಸುತ್ತಿದ್ದಾಗ ವೃಷಭ ರಾಶಿಯಲ್ಲಿ ಮಸುಕಾದ ಬೆಳಕೊಂದು ಕಂಡಿತ್ತು. ಬಾಲ ಮೂಡದ ಧೂಮಕೇತು ಹೀಗೆಯೇ ಮಂಜಿನ ಚುಕ್ಕೆಯಂತೆ ತೋರುತ್ತದೆ. ಆದರೆ ಧೂಮಕೇತು ರಾತ್ರಿಯಿಂದ ರಾತ್ರಿಗೆ ಸರಿಯುತ್ತದೆ, ಇದು ಸರಿಯಲಿಲ್ಲ. ಮತ್ತಾರೂ ಇಂಥವುಗಳಿಂದ ಮೋಸಹೋಗಬಾರದೆಂದು ಮೆಸಿಯೆ ಪಟ್ಟಿಯೊಂದನ್ನು ಬರೆಯತೊಡಗಿದ. ವೃಷಭದ ಆ ಬೆಳಕೇ ಎಂ ೧. ಅದನ್ನು ಬೆವಿಸ್ ಎಂಬ ಇಂಗ್ಲಿಷಿನವನು ೧೭೩೧ರಲ್ಲಿಯೇ ಕಂಡಿದ್ದನೆಂದು ಪತ್ರದಿಂದ ತಿಳಿದಾಗ, ಅದನ್ನೂ ಮುಚ್ಚಿಡದೆ ಬರೆದ. ೧೭೬೯ರ ಮಾರ್ಚ್ ೪ರ ರಾತ್ರಿ ಮಹಾವ್ಯಾಧನ ನೀಹಾರಿಕೆ, ಪುಷ್ಯದ ಬಳಿಯ ತಾರಾಪುಂಜ ಮತ್ತು ಕೃತ್ತಿಕೆ ಪಟ್ಟಿಗೆ ಸೇರಿದವು. ೧೭೭೪ರಲ್ಲಿ ಅಚ್ಚಾದಾಗ ಪಟ್ಟಿಯಲ್ಲಿದ್ದುದು ೪೫, ೧೭೮೧ರಲ್ಲಿ ೧೦೩. ಮುಂದೆ ವಿದ್ವಾಂಸರು ಆತನ ಹಾಗೂ ಆತನ ಗೆಳೆಯನ ಟಿಪ್ಪಣಿಗಳನ್ನು ನೋಡಿ ೧೧೦ಕ್ಕೆ ಏರಿಸಿದರು.

ಮನೆಯ ಸುಖ ಆತನಿಗೆ ಹೆಚ್ಚು ದಿನ ದಕ್ಕಲಿಲ್ಲ. ೧೭೭೦ರಲ್ಲಿ ಮದುವೆಯಾಯಿತು, ೧೭೭೨ರ ಮಾರ್ಚಿನಲ್ಲಿ ಗಂಡುಮಗು ಹುಟ್ಟಿ, ಹನ್ನೊಂದು ದಿನಗಳೊಳಗೆ ತಾಯಿಯೂ ಮಗುವೂ ತೀರಿಕೊಂಡರು. ೧೭೮೧ರ ನವೆಂಬರಿನಲ್ಲಿ ಉದ್ಯಾನವೊಂದರಲ್ಲಿ ಅಡ್ಡಾಡುತ್ತ, ಹಿಮಗಡ್ಡೆ ಕೂಡಿಡುವ ನೆಲಮಾಳಿಗೆಗೆ ಸುಮಾರು ೨೫ ಅಡಿ ಬಿದ್ದು ತೊಡೆ, ತೋಳು, ಪಕ್ಕೆಲುಬು ಮುರಿದುಕೊಂಡ. ಒಂದು ವರ್ಷದ ಮೇಲೆ ಮತ್ತೆ ದೂರದರ್ಶಕದ ಮುಂದೆ ಕುಳಿತ.

ಫ್ರಾನ್ಸಿನ ಕ್ರಾಂತಿಯಲ್ಲಿ ಸಂಬಳವೂ ಹೋಯಿತು, ವೇತನವೂ ನಿಂತಿತು. ಆದರೂ ೧೭೯೩ರಲ್ಲಿ ಆತ ಒಂದು ಧೂಮಕೇತುವನ್ನು ಕಂಡ. ಅದರ ಪಥವನ್ನು ಗಣಿಸಿದವನು ಗೆಳೆಯ ಸಾರೋನ್, ಅದೂ ಸೆರೆಮನೆಯಲ್ಲಿ ಕುಳಿತು. ಲೆಕ್ಕ ಹೇಳಿದ ಜಾಗದಲ್ಲಿಯೇ ಮೆಸಿಯೆಗೆ ಧೂಮಕೇತು ಮತ್ತೆ ಸಿಕ್ಕಿತು. ಆ ಸುದ್ದಿಯನ್ನು ವೃತ್ತಪತ್ರಿಕೆಯೊಂದರಲ್ಲಿ ಅಡಗಿಸಿ ಗೆಳೆಯನಿಗೆ ಮುಟ್ಟಿಸಿದ. ೧೭೯೪ರ ಏಪ್ರಿಲ್ ೨೦ರಂದು ಸಾರೋನನ ಶಿರಚ್ಛೇದವಾಯಿತು. ಸಾವಿನ ಬಾಗಿಲಲ್ಲಿ ನಿಂತವನಿಗೆ ನಿನ್ನ ಲೆಕ್ಕ ಸರಿಯಿತ್ತೆಂದು ತಿಳಿಸಿದ ಆ ಸ್ನೇಹವನ್ನು ನಾವು ಸುಲಭವಾಗಿ ಮರೆಯಲಾರೆವು.

ನೆಪೋಲಿಯನ್ ೧೮೦೬ರಲ್ಲಿ ಮೆಸಿಯೆಗೆ ಗೌರವಪದಕವನ್ನಿತ್ತ. ೧೮೧೭ರ ಏಪ್ರಿಲ್ ೧೨ರಂದು, ಎಂಬತ್ತಾರರ ವೃದ್ಧಾಪ್ಯದಲ್ಲಿ, ಪ್ಯಾರಿಸಿನಲ್ಲಿಯೇ ಕಾಲವಾದ.

ಬಾಳೆಲ್ಲ ಆತ ಬಯಸಿದ್ದು ಧೂಮಕೇತುಗಳ ಕೀರ್ತಿಯನ್ನು. ಹದಿಮೂರನ್ನು ಕಂಡುಹಿಡಿದನೆಂದು ಎಣಿಕೆಯಿದೆ. ೧೭೭೦ರಲ್ಲಿ ಭೂಮಿಗೆ ತೀರ ಹತ್ತಿರ ಬಂದ ಧೂಮಕೇತುವೂ ಆತನದೇ. ಆದರೆ ಅದಕ್ಕೆ ಪಥವನ್ನು ಗಣಿಸಿದ ಲೆಕ್ಸೆಲನ ಹೆಸರು ನಿಂತಿತು. ಮೆಸಿಯೆಯ ಹೆಸರನ್ನು ಉಳಿಸಿದ್ದು, ಧೂಮಕೇತುವಲ್ಲವೆಂದು ಬದಿಗೆ ಸರಿಸಿ, ಆದರೂ ಅಚ್ಚುಕಟ್ಟಾಗಿ ಬರೆದಿಟ್ಟ ಆ ಪಟ್ಟಿ. ಅದರ ಮೊದಲನೆಯ ಬೆಳಕು ೧೦೫೪ರಲ್ಲಿ ಚೀನೀಯರು ಕಂಡ ನಕ್ಷತ್ರಸ್ಫೋಟದ ಅವಶೇಷ. ೩೧ನೆಯದು ಸುಮಾರು ೨೫ ಲಕ್ಷ ಜ್ಯೋತಿರ್ವರ್ಷಗಳಾಚೆಯ ಮತ್ತೊಂದು ಗ್ಯಾಲಕ್ಸಿ. ಬರೆದವನಿಗೆ ಇದಾವುದೂ ತಿಳಿದಿರಲಿಲ್ಲ. ಎಲ್ಲಿದೆ, ಹೇಗೆ ಕಾಣುತ್ತದೆ ಎಂಬಷ್ಟನ್ನು ತಪ್ಪಿಲ್ಲದೆ ಬರೆದ. ಅರ್ಥವನ್ನು ಮುಂದಿನವರು ಹುಡುಕಿಕೊಂಡರು.

ಈ ತಿಂಗಳು ಮೋಡವಿಲ್ಲದ ರಾತ್ರಿಯೊಂದರಲ್ಲಿ ಮಕ್ಕಳನ್ನು ಮಹಡಿಗೆ ಕರೆದೊಯ್ಯೋಣ. ಪರದೆಯ ಮೇಲೆ ಎಂ ೪೫ ಮೂಡಿದಾಗ ಊರುಬಿಟ್ಟು ಬಂದ ಆ ಗುಮಾಸ್ತನ ಹೆಸರನ್ನೂ, ಅಜ್ಜಿ ಹೇಳಿಕೊಟ್ಟ ಕೃತ್ತಿಕೆಯ ಹೆಸರನ್ನೂ ಒಟ್ಟಿಗೆ ಹೇಳಿಕೊಡೋಣ.